ಕೂತಲ್ಲೇ ಹೊಟ್ಟೆ ಕರಗಿಸುವ ಬೆಲ್ಟು ನಿಜವೇ? ಅಪ್ಪ ಅಮ್ಮನಿಗೆ ವ್ಯಾಯಾಮದ ಸಾಮಾನು ಉಡುಗೊರೆ ಕೊಡುವ ಮುನ್ನ ಇದನ್ನು ಓದಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಮೂರು ಬಗೆಯ ಫಾರ್ವರ್ಡ್‌ಗಳು ತಪ್ಪದೆ ಬರುತ್ತವೆ. ಪಟಾಕಿ ಹೊಗೆಯ ಬಗ್ಗೆ ಒಂದು. ಕಲಬೆರಕೆ ಖೋವಾ ಪತ್ತೆ ಮಾಡುವುದು ಹೇಗೆ ಅಂತ ಇನ್ನೊಂದು. ಮೂರನೆಯದು ಒಂದು ವಿಡಿಯೋ. ಸೋಫಾ ಮೇಲೆ ಕೂತ ಮಹಿಳೆಯ ಸೊಂಟಕ್ಕೆ ಬೆಲ್ಟು ಕಟ್ಟಿದ್ದಾರೆ, ಬೆಲ್ಟು ಗಡಗಡ ನಡುಗುತ್ತಿದೆ, ಆಕೆ ಆರಾಮಾಗಿ ಟೀ ಕುಡಿಯುತ್ತಿದ್ದಾರೆ. ಪಕ್ಕದಲ್ಲಿ 'ಮೊದಲು', 'ನಂತರ' ಅಂತ ಎರಡು ಫೋಟೋ. ಕೆಳಗೆ 'ಈ ಹಬ್ಬಕ್ಕೆ ತಂದೆ ತಾಯಿಗೆ ಆರೋಗ್ಯವನ್ನೇ ಉಡುಗೊರೆ ಕೊಡಿ' ಎಂಬ ಸಾಲು, ಜೊತೆಗೊಂದು ಲಿಂಕು.

ನಗಬೇಡಿ, ಇಂಥದ್ದೇ ಒಂದು ಸಾಲು ಓದಿ ದುಡ್ಡು ಕೊಟ್ಟವಳು ನಾನು. ಮೊದಲ ಕೆಲಸದ ಮೊದಲ ಸಂಬಳದಲ್ಲಿ ಅಪ್ಪನಿಗೆ ಕಾಲು ಮಸಾಜ್ ಮಾಡುವ ಯಂತ್ರ ತರಿಸಿದ್ದೆ. ಡಬ್ಬದ ಮೇಲೆ 'ಕೂತಲ್ಲೇ ವಾಕಿಂಗ್ ಮಾಡಿದಷ್ಟು ಲಾಭ' ಅಂತ ಬರೆದಿತ್ತು. ಅಪ್ಪನಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಸಂಜೆ ಟಿವಿ ನೋಡುತ್ತಾ ಬಿಸಿ ಮಾಡುವ ಬಟನ್ ಒತ್ತಿಕೊಂಡು ಹಾಗೇ ಕೂತುಬಿಟ್ಟರು. ಪಾದ ಸುಡುತ್ತಿರುವುದು ಅವರಿಗೆ ಗೊತ್ತೇ ಆಗಲಿಲ್ಲ. ಮರುದಿನ ಅಮ್ಮ ನೋಡಿದಾಗ ಹಿಮ್ಮಡಿಯ ಹತ್ತಿರ ದೊಡ್ಡ ಬೊಬ್ಬೆ. ಅದು ಒಡೆದು, ಗಾಯವಾಗಿ, ಒಣಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ದಿನವೂ ಬೆಳಗ್ಗೆ ಮಾಡುತ್ತಿದ್ದ ನಿಜವಾದ ವಾಕಿಂಗ್ ನಿಂತುಹೋಯಿತು.

ಆಮೇಲೆ ಇಂಥ ಸಾಮಾನುಗಳ ಬಗ್ಗೆ ಓದುವುದು ನನಗೊಂದು ಹುಚ್ಚಾಯಿತು. ಯಾವುದು ಸುಳ್ಳು, ಯಾವುದು ಅಪಾಯ, ಯಾವುದು ನಿಜಕ್ಕೂ ಕೊಡುವಂಥದ್ದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಡುಗುವ ಬೆಲ್ಟು, ಕರೆಂಟಿನ ಬೆಲ್ಟು, ಬೆವರಿನ ಬೆಲ್ಟು

ನೋಡಲು ಮೂರೂ ಒಂದೇ ಥರ ಇದ್ದರೂ ಇವು ಬೇರೆ ಬೇರೆ.

ನಡುಗುವ ಬೆಲ್ಟು ಹೊಟ್ಟೆಯನ್ನು ಅಲ್ಲಾಡಿಸುತ್ತದೆ, ಅಷ್ಟೇ. ಕೊಬ್ಬು ಅಲ್ಲಾಡಿಸಿದರೆ ಕರಗುವ ವಸ್ತುವಲ್ಲ. ಅದು ಶಕ್ತಿಯ ದಾಸ್ತಾನು. ದೇಹಕ್ಕೆ ಶಕ್ತಿ ಬೇಕಾದಾಗ ಮಾತ್ರ ಖರ್ಚಾಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುತ್ತದೆ. ಅದು ಖರ್ಚಾಗಬೇಕಾದರೆ ನಿಮ್ಮ ಸ್ನಾಯುಗಳು ಕೆಲಸ ಮಾಡಬೇಕು. ಇಲ್ಲಿ ಕೆಲಸ ಮಾಡುತ್ತಿರುವುದು ಬೆಲ್ಟಿನೊಳಗಿನ ಮೋಟಾರು, ಖರ್ಚಾಗುತ್ತಿರುವುದು ಬೆಸ್ಕಾಂ ಕರೆಂಟು. ಇದು ಹೊಸ ಐಡಿಯಾ ಕೂಡ ಅಲ್ಲ. ಗುಸ್ತಾವ್ ಜಾಂಡರ್ ಎಂಬ ಸ್ವೀಡನ್ನಿನ ವೈದ್ಯರು 1865ರಲ್ಲೇ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮ ಯಂತ್ರಗಳ ಸಂಸ್ಥೆ ತೆರೆದಿದ್ದರು. ಅಲ್ಲಿ ಮೈ ಕುಲುಕಿಸುವ ಯಂತ್ರಗಳೂ ಇದ್ದವು. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಜಿಮ್‌ಗಳಲ್ಲಿ ಹೆಂಗಸರು ಸೊಂಟಕ್ಕೆ ನಡುಗುವ ಪಟ್ಟಿ ಹಾಕಿಕೊಂಡು ನಿಂತಿರುವ ಫೋಟೋಗಳು ಈಗಲೂ ಸಿಗುತ್ತವೆ. ನಮ್ಮ ಫೋನಿಗೆ ಬರುವುದು ಅದರ ಮರುಮುದ್ರಣ.

ಕರೆಂಟಿನ ಬೆಲ್ಟು ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಕೊಟ್ಟು ಸ್ನಾಯು ಸೆಟೆದುಕೊಳ್ಳುವಂತೆ ಮಾಡುತ್ತದೆ. ಈ ತಂತ್ರಜ್ಞಾನ ಸುಳ್ಳಲ್ಲ. ಪಾರ್ಶ್ವವಾಯು ಆದವರಿಗೆ, ಆಪರೇಷನ್ ಆದವರಿಗೆ ಫಿಸಿಯೋಥೆರಪಿಸ್ಟುಗಳು ಇದನ್ನು ಬಳಸುತ್ತಾರೆ. ಸುಳ್ಳಿರುವುದು 'ಇದರಿಂದ ಹೊಟ್ಟೆ ಕರಗುತ್ತದೆ' ಎಂಬಲ್ಲಿ. 2002ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಬ್‌ಟ್ರಾನಿಕ್, ಆಬ್ ಎನರ್ಜೈಸರ್, ಫಾಸ್ಟ್ ಆಬ್ಸ್ ಎಂಬ ಮೂರು ಬೆಲ್ಟುಗಳನ್ನು ಮಾರುತ್ತಿದ್ದವರ ಮೇಲೆ ಸುಳ್ಳು ಜಾಹೀರಾತಿನ ಕೇಸು ಹಾಕಿತು. ಇಷ್ಟು ವರ್ಷಗಳ ನಂತರ ಬೇರೆ ಬೇರೆ ಹೆಸರಿನಲ್ಲಿ ಅದೇ ಬೆಲ್ಟು ನಮ್ಮ ಗ್ರೂಪುಗಳಲ್ಲಿ ತಿರುಗುತ್ತಿದೆ. ಇಲ್ಲಿ ಒಂದು ಮಾತು ಗಮನಿಸಿ: ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂರ್ಛೆ ರೋಗ ಇರುವವರು ಇದನ್ನು ಕಟ್ಟಿಕೊಳ್ಳಲೇಬಾರದು. ಚಿಕ್ಕಪ್ಪನಿಗೆ ಪೇಸ್‌ಮೇಕರ್ ಇದೆ ಅಂತ ನಮಗೆ ಗೊತ್ತಿರುತ್ತದೆ. ಲಿಂಕು ಕಳಿಸಿದವರಿಗೆ ಗೊತ್ತಿರುವುದಿಲ್ಲ.

ಬೆವರಿನ ಬೆಲ್ಟು ರಬ್ಬರಿನಂಥ ದಪ್ಪ ಪಟ್ಟಿ. ಕಟ್ಟಿಕೊಂಡರೆ ಹೊಟ್ಟೆ ಬೆವರುತ್ತದೆ, ತೂಕದ ಮಷೀನಿನಲ್ಲಿ ಅರ್ಧ ಕಿಲೋ ಕಡಿಮೆ ಕಾಣುತ್ತದೆ. ಎರಡು ಲೋಟ ನೀರು ಕುಡಿದರೆ ತೂಕ ವಾಪಸ್ ಬರುತ್ತದೆ, ಯಾಕೆಂದರೆ ಹೋಗಿದ್ದು ನೀರು ಮಾತ್ರ. ಬೆವರುವುದು ಮೈ ತಂಪಾಗಿಸಲು ದೇಹ ಮಾಡಿಕೊಂಡಿರುವ ಏರ್ಪಾಡು. ಅದಕ್ಕೆ ಅಡ್ಡ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಕೆಟ್ಟ ಉದಾಹರಣೆ ಇದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಪಂದ್ಯಕ್ಕಾಗಿ ಬೇಗ ತೂಕ ಇಳಿಸಲು ರಬ್ಬರ್ ಸೂಟು ಹಾಕಿಕೊಂಡು ಬಿಸಿಯಲ್ಲಿ ವ್ಯಾಯಾಮ ಮಾಡಿ, ಒಂದು ತಿಂಗಳ ಆಸುಪಾಸಿನಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಅದಾದ ಮೇಲೆ ರಬ್ಬರ್ ಸೂಟನ್ನೇ ನಿಷೇಧಿಸಿತು. ಒಂದು ಬೆಲ್ಟು ಪೂರ್ತಿ ಸೂಟಿನಷ್ಟು ಅಪಾಯ ಅಲ್ಲ, ನಿಜ. ಆದರೆ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬಿಪಿ ಮಾತ್ರೆ ತಗೊಳ್ಳುವ 60 ವರ್ಷದವರಿಗೆ ಅದನ್ನು ಕೊಡುವ ಅಗತ್ಯವೇನಿದೆ?

'ಹೊಟ್ಟೆ ಮಾತ್ರ' ಕರಗುತ್ತದೆಯೇ?

ಬೆಲ್ಟು ಬೇಡ, ಹೊಟ್ಟೆಯ ವ್ಯಾಯಾಮದ ಮಷೀನ್ ತರೋಣ ಅಂತ ಕೆಲವರು ಯೋಚಿಸುತ್ತಾರೆ. ಅಲ್ಲಿ ಕನಿಷ್ಠ ನಾವೇ ಕೆಲಸ ಮಾಡುತ್ತೇವಲ್ಲ, ಒಳ್ಳೆಯದೇ. ಆದರೆ ಯಾವ ಜಾಗದ ಸ್ನಾಯು ಕೆಲಸ ಮಾಡುತ್ತದೋ ಅದೇ ಜಾಗದ ಕೊಬ್ಬು ಹೋಗುತ್ತದೆ ಎಂಬುದು ತಪ್ಪು.

ಇದನ್ನು ಪರೀಕ್ಷಿಸಿದವರ ಒಂದು ಉಪಾಯ ನನಗೆ ತುಂಬ ಇಷ್ಟ. ಟೆನಿಸ್ ಆಟಗಾರರು ವರ್ಷಗಟ್ಟಲೆ ಒಂದೇ ಕೈಯಲ್ಲಿ ಆಡುತ್ತಾರೆ. ಹೇಳಿಕೆ ನಿಜವಾಗಿದ್ದರೆ ಆಡುವ ಕೈಯಲ್ಲಿ ಕೊಬ್ಬು ಕಡಿಮೆ ಇರಬೇಕು. 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳೆದು ನೋಡಿದರು. ಆಡುವ ಕೈಯ ಸ್ನಾಯು ದೊಡ್ಡದಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. 2011ರಲ್ಲಿ ಇನ್ನೊಂದು ಅಧ್ಯಯನದಲ್ಲಿ ಆರು ವಾರ ಬರೀ ಹೊಟ್ಟೆಯ ವ್ಯಾಯಾಮ ಮಾಡಿಸಿದರು. ಹೊಟ್ಟೆಯ ಸ್ನಾಯುವಿನ ತಾಳಿಕೆ ಹೆಚ್ಚಿತು, ಹೊಟ್ಟೆಯ ಕೊಬ್ಬು ಅಲ್ಲೇ ಇತ್ತು.

'ಮೂರು ನಿಮಿಷ ಮಾಡಿದರೆ 100 ಸಿಟ್‌ಅಪ್‌ಗೆ ಸಮ' ಎಂದು ಜಾಹೀರಾತು ಕೊಟ್ಟಿದ್ದ ಆಬ್ ಸರ್ಕಲ್ ಪ್ರೋ ಎಂಬ ಮಷೀನಿನ ಕಥೆಯೂ ಅಷ್ಟೇ. 2012ರಲ್ಲಿ ಅದೇ ಕಮಿಷನ್ ಜೊತೆ ರಾಜಿ ಮಾಡಿಕೊಂಡು, ಕೊಂಡವರಿಗೆ ಹಣ ವಾಪಸ್ ಕೊಡಲು ಮಾರಾಟಗಾರರು ಒಪ್ಪಬೇಕಾಯಿತು. ಡಬ್ಬದ ಮೇಲೆ ಇಂತಿಷ್ಟು ನಿಮಿಷ, ಇಂತಿಷ್ಟು ದಿನ, ಇಂತಿಷ್ಟು ಇಂಚು ಅಂತ ಮೂರೂ ಲೆಕ್ಕ ಒಟ್ಟಿಗೆ ಕಂಡರೆ ನಾನು ಅಲ್ಲಿಗೇ ಪುಟ ಮುಚ್ಚುತ್ತೇನೆ.

ಕಾಲಿನ ಯಂತ್ರ ಮತ್ತು 10,000 ಹೆಜ್ಜೆ

ನಾನು ಮೋಸ ಹೋಗಿದ್ದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

'ದಿನಕ್ಕೆ 10,000 ಹೆಜ್ಜೆ' ಎಂಬ ಸಂಖ್ಯೆಯೇ ಯಾವುದೋ ವೈದ್ಯಕೀಯ ಪ್ರಯೋಗಾಲಯದಿಂದ ಬಂದಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಉಪಕರಣ ಮಾರಾಟಕ್ಕೆ ತಂದಿತು. ಅದರ ಹೆಸರು 'ಮಾನ್ಪೋ-ಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರು ಜಗತ್ತಿನ ಆರೋಗ್ಯ ಸೂತ್ರವಾಗಿಬಿಟ್ಟಿತು. 2019ರಲ್ಲಿ ಸರಾಸರಿ 72 ವರ್ಷ ವಯಸ್ಸಿನ ಸುಮಾರು 17,000 ಅಮೆರಿಕನ್ ಮಹಿಳೆಯರ ಹೆಜ್ಜೆ ಎಣಿಸಿ ನೋಡಿದ ಅಧ್ಯಯನ ಬಂತು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಯಾದ ಮೇಲೆ ಲಾಭ ಹೆಚ್ಚುತ್ತಾ ಹೋಗಲಿಲ್ಲ. ಅಂದರೆ ಅಮ್ಮ 10,000 ಮುಟ್ಟಲಿಲ್ಲ ಅಂತ ಕೊರಗಬೇಕಿಲ್ಲ, ಸ್ಮಾರ್ಟ್ ವಾಚು ಕೊಟ್ಟು ಅವರನ್ನು ಬೈಸಿಕೊಳ್ಳುವ ಹಾಗೆ ಮಾಡಬೇಕಾಗಿಯೂ ಇಲ್ಲ.

ಕಾಲು ಮಸಾಜ್ ಯಂತ್ರ, ಮುಳ್ಳುಮುಳ್ಳಿನ ಆಕ್ಯುಪ್ರೆಶರ್ ಚಪ್ಪಲಿ, ಅಂಥದ್ದೇ ಮ್ಯಾಟು, ಇವು ಹಿತ ಕೊಡಬಹುದು. ದಣಿದ ಕಾಲಿಗೆ ಅರ್ಧ ಗಂಟೆ ಆರಾಮ ಸಿಗಬಹುದು. ವಾಕಿಂಗಿಗೆ ಬದಲಿ ಇವಲ್ಲ, ಯಾಕೆಂದರೆ ವಾಕಿಂಗಿನ ಲಾಭ ಬರುವುದು ಹೃದಯ ಮತ್ತು ತೊಡೆಯ ಸ್ನಾಯುಗಳು ದುಡಿಯುವುದರಿಂದ. ಸ್ನಾಯು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತದೆ. ಪಾದಕ್ಕೆ ಮುಳ್ಳು ಒತ್ತಿದರೆ ಅದು ಆಗುವುದಿಲ್ಲ.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಿಗೆ ಇವು ಅಪಾಯವೂ ಹೌದು. ಸಕ್ಕರೆ ಪ್ರಮಾಣ ಹೆಚ್ಚಿದ್ದಾಗ ಪಾದದ ನರಗಳು ನಿಧಾನವಾಗಿ ಹಾಳಾಗುತ್ತವೆ. ಮೊದಲು ಜುಮ್ಮೆನ್ನುವುದು, ಆಮೇಲೆ ಮರಗಟ್ಟುವುದು. ಬಿಸಿ, ಚುಚ್ಚು, ಗಾಯ ಯಾವುದೂ ಗೊತ್ತಾಗುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಾಗಿದ್ದರೆ ಗಾಯ ಬೇಗ ಒಣಗುವುದಿಲ್ಲ, ಕೀವಾಗುತ್ತದೆ. ಕೆಲವರ ವಿಷಯದಲ್ಲಿ ಅದು ಬೆರಳು ಅಥವಾ ಪಾದ ತೆಗೆಯುವ ಹಂತದವರೆಗೂ ಹೋಗುತ್ತದೆ. ಅಪ್ಪನ ಡಾಕ್ಟರು ನನಗೆ ಹೇಳಿದ್ದು ಇಷ್ಟೇ: 'ಅವರ ಪಾದಕ್ಕೆ ಬಿಸಿ ತಾಗಿಸುವ ಏನನ್ನೂ ಮನೆಯಲ್ಲಿ ಇಡಬೇಡಮ್ಮ, ಬಿಸಿನೀರಿನ ಬಕೆಟ್ಟೂ ಸೇರಿ.' ಸಕ್ಕರೆ ಇರುವವರಿಗೆ ಆಕ್ಯುಪ್ರೆಶರ್ ಚಪ್ಪಲಿ ಕೊಡಿ ಎಂಬ ಫಾರ್ವರ್ಡ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಎಷ್ಟೋ ಆಕ್ಯುಪ್ರೆಶರ್ ಫಾರ್ವರ್ಡ್‌ಗಳು ಶುರುವಾಗುವುದೇ 'ಸಕ್ಕರೆ ಕಾಯಿಲೆಯವರೇ ಗಮನಿಸಿ' ಎಂದು.

ಹಾಗಾದರೆ ವಯಸ್ಸಾದವರಿಗೆ ನಿಜವಾಗಿ ಏನು ಬೇಕು?

ನಮ್ಮಲ್ಲಿ ವ್ಯಾಯಾಮ ಅಂದರೆ ವಾಕಿಂಗ್ ಮತ್ತು ಪ್ರಾಣಾಯಾಮ, ಅಲ್ಲಿಗೆ ಮುಗಿಯಿತು. ಎರಡೂ ಒಳ್ಳೆಯವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ ಇನ್ನೊಂದು ಸಾಲಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. 65 ದಾಟಿದವರು ವಾರಕ್ಕೆ ಮೂರು ದಿನ, ಬಲದ ಜೊತೆಗೆ ಸಮತೋಲನದ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು.

ಯಾಕೆ? ವಯಸ್ಸಾದಂತೆ ಸ್ನಾಯು ಕರಗುತ್ತದೆ. ಮೊದಲು ಗೊತ್ತಾಗುವುದು ನೆಲದಿಂದ ಏಳುವಾಗ. ಸತ್ಯನಾರಾಯಣ ಪೂಜೆಗೆ ಕೂತ ಅತ್ತೆ ಮಂಗಳಾರತಿಗೆ ಏಳಲು ಯಾರದೋ ಕೈ ಹುಡುಕುತ್ತಾರಲ್ಲ, ಅದು. ಆಮೇಲೆ ಬಾತ್‌ರೂಮಿನಲ್ಲಿ ಜಾರಿದಾಗ ಸಾವರಿಸಿಕೊಳ್ಳಲು ಕಾಲಿನಲ್ಲಿ ಬಲ ಇರುವುದಿಲ್ಲ. ಸೊಂಟದ ಮೂಳೆ ಮುರಿಯುತ್ತದೆ. ಅಲ್ಲಿಂದ ಮುಂದೆ ಎಷ್ಟೋ ಮನೆಗಳಲ್ಲಿ ಆ ಹಿರಿಯರು ಮೊದಲಿನ ಹಾಗೆ ಓಡಾಡಲೇ ಇಲ್ಲ.

'ಈ ವಯಸ್ಸಿನಲ್ಲಿ ಇನ್ನೇನು ಬಲ ಬರುತ್ತೆ ಬಿಡು' ಅನ್ನುವವರಿಗೆ ನಾನು ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, 86ರಿಂದ 96 ವರ್ಷದ ಹತ್ತು ಮಂದಿಗೆ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಎಂಟು ವಾರ ಕಾಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೂರ್ತಿ ಮುಗಿಸಿದ ಒಂಬತ್ತು ಜನರಲ್ಲಿ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಚಿಕ್ಕ ಪ್ರಯೋಗ, ಸರಿ; ಆದರೆ ಆಮೇಲೆ ಬಂದ ದೊಡ್ಡ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿವೆ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರ ಸ್ನಾಯುವಿಗೂ 90ರ ಅಜ್ಜಿಯ ಸ್ನಾಯುವಿಗೂ ಈ ವಿಷಯದಲ್ಲಿ ಸ್ವಭಾವ ಒಂದೇ. ಭಾರ ಕೊಟ್ಟರೆ ಅದು ಬೆಳೆಯುತ್ತದೆ.

ಏನನ್ನಾದರೂ ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಗೋಡೆಗೆ ಒರಗಿಸಿಟ್ಟ ಕುರ್ಚಿ ಬೇಕು, ಪ್ಲಾಸ್ಟಿಕ್ಕಿನದು ಬೇಡ. ಕೈ ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರಲು ಆಗುತ್ತದೆ ಅಂತ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಪಟ್ಟಿಯಂತೆ 60ರಿಂದ 64 ವರ್ಷದ ಹೆಂಗಸರಿಗೆ 12ಕ್ಕಿಂತ ಕಡಿಮೆ, ಗಂಡಸರಿಗೆ 14ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. 70ರಿಂದ 74ರವರಿಗೆ ಆ ಸಂಖ್ಯೆ 10 ಮತ್ತು 12. ಅದು ಅಲ್ಲಿನವರ ಲೆಕ್ಕ, ನಮ್ಮವರಿಗೆ ಒಂದು ಅಂದಾಜು ಅಂತ ಇಟ್ಟುಕೊಳ್ಳಿ. 61 ವರ್ಷದ ನನ್ನ ಅಮ್ಮ ಎಂಟಕ್ಕೇ ಕೂತುಬಿಟ್ಟರು. ದಿನಕ್ಕೆ ನಾಲ್ಕು ಸಲ ಮಹಡಿ ಹತ್ತಿ ಬಟ್ಟೆ ಒಣಗಿಸುವ ಅಮ್ಮ!

ಕೊಡಲು ಯೋಗ್ಯವಾದವು

ನನ್ನ ಪಟ್ಟಿಯಲ್ಲಿ ಮೊದಲನೆಯದು ರೆಸಿಸ್ಟೆನ್ಸ್ ಬ್ಯಾಂಡ್. ಉದ್ದನೆಯ, ಚಪ್ಪಟೆ ರಬ್ಬರ್ ಪಟ್ಟಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮಡಚಿದರೆ ಜೇಬಿನಲ್ಲಿ ಹಿಡಿಯುತ್ತದೆ, ಕಾಲ ಮೇಲೆ ಬಿದ್ದರೆ ಬೆರಳು ಜಜ್ಜುವುದಿಲ್ಲ. ಕುರ್ಚಿಯಲ್ಲಿ ಕೂತು ಪಾದಕ್ಕೆ ಸಿಕ್ಕಿಸಿಕೊಂಡು ಎಳೆಯಬಹುದು, ಬೆನ್ನಿಗೂ ತೋಳಿಗೂ ಕಾಲಿಗೂ ಒಂದೇ ಸಾಕು. ಚಿಕ್ಕ ಉಂಗುರದಂಥ ಬ್ಯಾಂಡು ಹಿರಿಯರಿಗೆ ಕಾಲಿಗೆ ಹಾಕಿಕೊಳ್ಳುವುದೇ ಕಷ್ಟ. ಒಂದೂವರೆಯಿಂದ ಎರಡು ಮೀಟರ್ ಉದ್ದದ್ದು ತನ್ನಿ. ಬಣ್ಣ ನೋಡಿ ಮೋಸ ಹೋಗಬೇಡಿ. ಒಂದು ಕಂಪನಿಯ ಹಸಿರು ಇನ್ನೊಂದು ಕಂಪನಿಯ ಹಸಿರಿನಷ್ಟೇ ಗಟ್ಟಿ ಇರಬೇಕೆಂಬ ನಿಯಮ ಇಲ್ಲ. ಹಗುರ, ಮಧ್ಯಮ ಎರಡು ಕೊಡಿ. ಬಿಸಿಲಿನಲ್ಲಿ ಬಿಟ್ಟರೆ ರಬ್ಬರು ಬಿರಿಯುತ್ತದೆ. ಪ್ರತಿ ಸಲ ಹಿಗ್ಗಿಸಿ ಬಿರುಕು ಇದೆಯಾ ಅಂತ ನೋಡಬೇಕು, ಮುಖದ ಕಡೆಗೆ ಎಳೆಯಬಾರದು. ತುಂಡಾದ ಬ್ಯಾಂಡು ಕಣ್ಣಿಗೆ ಬಡಿದರೆ ದೊಡ್ಡ ಪೆಟ್ಟು.

ಮಂಡಿ ನೋವಿರುವವರಿಗೆ ಪಾದದ ಗಂಟಿಗೆ ಕಟ್ಟುವ ಭಾರದ ಪಟ್ಟಿ ಒಳ್ಳೆಯ ಉಡುಗೊರೆ, ಹೆಚ್ಚು ಜನ ಇದನ್ನು ಯೋಚಿಸುವುದೇ ಇಲ್ಲ. ಅರ್ಧ ಕಿಲೋದಿಂದ ಶುರು. ಕುರ್ಚಿಯಲ್ಲಿ ಕೂತು ಮಂಡಿಯನ್ನು ನಿಧಾನವಾಗಿ ನೇರ ಮಾಡುವುದು, ಎರಡು ಎಣಿಸುವಷ್ಟು ಹಿಡಿಯುವುದು, ನಿಧಾನವಾಗಿ ಇಳಿಸುವುದು. 'ಮಂಡಿ ಸವೆದಿದೆ, ಆಡಿಸಬೇಡಿ' ಎಂಬ ಫಾರ್ವರ್ಡ್ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಸಾಮಾನ್ಯ ಮಂಡಿ ಸವೆತಕ್ಕೆ ಈಗ ವೈದ್ಯರು ಮೊದಲು ಹೇಳುವ ಚಿಕಿತ್ಸೆಗಳಲ್ಲೇ ತೊಡೆಯ ಮುಂಭಾಗದ ಸ್ನಾಯುವಿಗೆ ಬಲ ತುಂಬುವುದು ಸೇರಿದೆ, ಯಾಕೆಂದರೆ ಮಂಡಿಯ ಮೇಲೆ ಬೀಳುವ ಹೊರೆಯ ಪಾಲನ್ನು ಆ ಸ್ನಾಯು ಹೊರುತ್ತದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಹಿರಿಯರಿಗಾಗಿ ರೂಪಿಸಿದ ವ್ಯಾಯಾಮ ಕಾರ್ಯಕ್ರಮದಲ್ಲಿ ಬಳಸುವ ಮುಖ್ಯ ಸಲಕರಣೆ ಇಂಥ ಪಟ್ಟಿಯೇ. ಜೊತೆಗೆ ಸಮತೋಲನದ ವ್ಯಾಯಾಮ, ನಡಿಗೆ. ಅವರ ಪ್ರಯೋಗಗಳಲ್ಲಿ ಬೀಳುವುದು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಒಂದು ಎಚ್ಚರಿಕೆ: ಪಟ್ಟಿ ಕಟ್ಟಿಕೊಂಡು ವಾಕಿಂಗ್ ಹೋಗುವುದು ಬೇಡ. ಎಡವುವ ಸಾಧ್ಯತೆ ಹೆಚ್ಚು, ಕೀಲಿಗೂ ಜಗ್ಗಿದಂತಾಗುತ್ತದೆ.

ಡಂಬಲ್ ಕೊಡುವುದಾದರೆ ಬಣ್ಣ ಬಿಟ್ಟು ತೂಕ ನೋಡಿ. ಅಂಗಡಿಗಳಲ್ಲಿ 'ಲೇಡೀಸ್' ಅಂತ ಅರ್ಧ ಕಿಲೋದ ಗುಲಾಬಿ ಡಂಬಲ್ ಕೊಡುತ್ತಾರೆ. 20 ಲೀಟರಿನ ನೀರಿನ ಕ್ಯಾನ್ ಎತ್ತಿ ಬಗ್ಗಿಸುವ ಹೆಂಗಸಿಗೆ ಅರ್ಧ ಕಿಲೋ! ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ಮೈ ಬರುತ್ತದೆ ಎಂಬ ಹೆದರಿಕೆಯೂ ಬೇಡ. ಅಂಥ ಮೈಕಟ್ಟಿಗೆ ಪುರುಷ ಹಾರ್ಮೋನು, ವರ್ಷಗಟ್ಟಲೆ ಭಾರೀ ತರಬೇತಿ ಬೇಕು. ಎಷ್ಟು ತೂಕ ಅಂತ ತಿಳಿಯಲು ಮನೆಯಲ್ಲೇ ನೀರಿನ ಬಾಟಲಿ ಹಿಡಿಸಿ. ಒಂದು ಲೀಟರ್ ಅಂದರೆ ಒಂದು ಕಿಲೋ. ಹತ್ತು ಹನ್ನೆರಡು ಸಲ ಎತ್ತುವಾಗ ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಮಾತಾಡುತ್ತಾ 20 ಸಲ ಎತ್ತಿದರೆ ಅದು ಹಗುರ. ಆರು ಮೂಲೆಯ ಡಂಬಲ್ ಉರುಳುವುದಿಲ್ಲ, ಮಕ್ಕಳಿರುವ ಮನೆಗೆ ಅದೇ ಸರಿ. ಎತ್ತುವಾಗ ಉಸಿರು ಬಿಡಬೇಕು, ಉಸಿರು ಕಟ್ಟಿದರೆ ಬಿಪಿ ಜಿಗಿಯುತ್ತದೆ.

ಮನೆಯಿಂದ ಹೊರಗೆ ಹೋಗಲಾಗದವರಿಗೆ ಕುರ್ಚಿಯ ಮುಂದಿಟ್ಟು ತುಳಿಯುವ ಚಿಕ್ಕ ಪೆಡಲ್ ಸೈಕಲ್ ಪರವಾಗಿಲ್ಲ. ಟೈಲ್ಸ್ ನೆಲದ ಮೇಲೆ ಅದು ಮುಂದಕ್ಕೆ ಜಾರುತ್ತದೆ. ಕೆಳಗೆ ರಬ್ಬರ್ ಮ್ಯಾಟು ಹಾಕಿಯೇ ಕೊಡಿ. ಮೋಟಾರು ತಾನೇ ಕಾಲು ತಿರುಗಿಸುವ ಮಾದರಿ ಬೇಡ, ತಾವೇ ತುಳಿಯುವ ಶಕ್ತಿ ಇರುವವರಿಗಂತೂ ಖಂಡಿತ ಬೇಡ. ಯೋಗಾಸನದ ಮ್ಯಾಟು ತೀರಾ ದಪ್ಪ ಇದ್ದರೆ ಒಂಟಿ ಕಾಲಿನ ಆಸನದಲ್ಲಿ ಪಾದ ಓಲಾಡುತ್ತದೆ, ಆರು ಮಿಲಿಮೀಟರ್ ಸಾಕು.

ಮತ್ತೆ ಶೂ. ಸಲಕರಣೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಹವಾಯಿ ಚಪ್ಪಲಿಯಲ್ಲಿ ವಾಕಿಂಗ್ ಹೋಗುವ ಅಪ್ಪನಿಗೆ ಇದಕ್ಕಿಂತ ಉಪಯೋಗದ ಉಡುಗೊರೆ ನನಗೆ ತೋಚುವುದಿಲ್ಲ. ಆನ್‌ಲೈನ್ ಬೇಡ, ಅಂಗಡಿಗೆ ಕರೆದುಕೊಂಡು ಹೋಗಿ, ಅದೂ ಸಂಜೆ. ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಸಕ್ಕರೆ ಇರುವವರು ಪ್ರತಿ ಸಲ ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಮೊಳೆ ಏನಾದರೂ ಇದೆಯಾ ಅಂತ ನೋಡಲಿ.

ಎದೆನೋವು ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಬಿಪಿ ಹತೋಟಿಗೆ ಬರದವರು ಇದರಲ್ಲಿ ಯಾವುದನ್ನೇ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು.

ಕೈ ಒತ್ತುವ ಸ್ಪ್ರಿಂಗ್ ಆಯುಸ್ಸು ಹೆಚ್ಚಿಸುತ್ತದೆಯೇ?

ಇದು ಅರ್ಧ ಸತ್ಯದ ಫಾರ್ವರ್ಡ್, ಅದಕ್ಕೇ ಹೆಚ್ಚು ಓಡುತ್ತದೆ. 17 ದೇಶಗಳ ಸುಮಾರು 1,40,000 ಜನರ ಕೈ ಹಿಡಿತದ ಬಲ ಅಳೆದ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಭಾರತವೂ ಅದರಲ್ಲಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಈ ಯೋಜನೆಯ ಭಾಗ. ಹಿಡಿತದ ಬಲ ಐದು ಕಿಲೋ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚು ಕಂಡುಬಂತು. ಇಷ್ಟು ನಿಜ. ಆದರೆ ಹಿಡಿತ ಎಂಬುದು ಇಡೀ ದೇಹದ ಬಲದ ಸೂಚಕ, ಪೆಟ್ರೋಲ್ ಟ್ಯಾಂಕಿನ ಮುಳ್ಳಿದ್ದ ಹಾಗೆ. ಮುಳ್ಳನ್ನು ಕೈಯಿಂದ ತಳ್ಳಿದರೆ ಟ್ಯಾಂಕು ತುಂಬುವುದಿಲ್ಲ. ಟಿವಿ ನೋಡುತ್ತಾ ಸ್ಪ್ರಿಂಗ್ ಒತ್ತಿದರೆ ಅಂಗೈ ಗಟ್ಟಿಯಾಗುತ್ತದೆ, ಅಷ್ಟೇ.

ಟ್ರೆಡ್‌ಮಿಲ್ ಕೊಡಬೇಕು ಅಂತಿದ್ದರೆ

ಟ್ರೆಡ್‌ಮಿಲ್ ಸುಳ್ಳು ಯಂತ್ರ ಅಲ್ಲ. ರಸ್ತೆಯಲ್ಲಿ ಬೀದಿನಾಯಿ, ಗುಂಡಿ, ಮಳೆ ಇರುವ ಊರಿನಲ್ಲಿ ಬಳಸುವವರಿಗೆ ಅದು ನಿಜಕ್ಕೂ ಉಪಯೋಗ. ಬಳಸದವರ ಮನೆಯಲ್ಲಿ ಅದು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗುತ್ತದೆ. ನಿಮಗೂ ಅಂಥ ಒಂದು ಮನೆ ಗೊತ್ತಿರುತ್ತದೆ. ಹಾಗಾಗಿ ಹಿಂದಿನ ಆರು ತಿಂಗಳು ತಾವಾಗಿಯೇ ವಾಕಿಂಗ್ ಮಾಡಿದವರಿಗೆ ಮಾತ್ರ ಕೊಡಿ ಎಂಬುದು ನನ್ನ ಸಲಹೆ.

ಚಿಕ್ಕ ಮಕ್ಕಳಿರುವ ಮನೆಗಾದರೆ ಇನ್ನೂ ಯೋಚಿಸಿ. 2021ರ ಮೇ ತಿಂಗಳಲ್ಲಿ ಪೆಲೋಟಾನ್ ಕಂಪನಿ ಅಮೆರಿಕದಲ್ಲಿ ತನ್ನ ಸುಮಾರು 1,25,000 ಟ್ರೆಡ್+ ಯಂತ್ರಗಳನ್ನು ವಾಪಸ್ ಪಡೆಯಬೇಕಾಯಿತು. ಆರು ವರ್ಷದ ಮಗುವೊಂದು ಯಂತ್ರದ ಕೆಳಗೆ ಸಿಕ್ಕಿ ಸತ್ತಿತ್ತು. ಅದು ದುಬಾರಿ, ಹೆಸರುವಾಸಿ ಯಂತ್ರ. ಓಡುವ ಬೆಲ್ಟಿನ ಹಿಂಭಾಗ ಮಗುವಿನ ಕೈಯನ್ನು ಒಳಗೆಳೆದುಕೊಳ್ಳಬಲ್ಲದು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸುರಕ್ಷಾ ಕೀಲಿ ಇರುವ ಮಾದರಿಯನ್ನೇ ತನ್ನಿ, ಬಳಸದಾಗ ಕೀಲಿ ತೆಗೆದು ಎತ್ತರದಲ್ಲಿಡಿ. ಯಂತ್ರದ ಹಿಂದೆ ಗೋಡೆಗೆ ಕನಿಷ್ಠ ಆರು ಅಡಿ ಜಾಗ ಇರಲಿ. ಜಾಹೀರಾತಿನಲ್ಲಿ ಕಾಣುವ ಹಾರ್ಸ್‌ಪವರ್ ಹಲವು ಸಲ ಕ್ಷಣಮಾತ್ರದ ಗರಿಷ್ಠ ಶಕ್ತಿ. ಸತತವಾಗಿ ಎಷ್ಟು ಅಂತ ಕೇಳಿ. ರಿಪೇರಿ ಮಾಡುವವರು ನಿಮ್ಮ ಊರಿಗೆ ಬರುತ್ತಾರಾ ಎಂಬುದು ಅದಕ್ಕಿಂತ ಮುಖ್ಯ ಪ್ರಶ್ನೆ.

ತಲೆಕೆಳಗಾಗಿ ನೇತಾಡಿಸುವ ಟೇಬಲ್ಲು ಕೂಡ ಆಗಾಗ 'ಬೆನ್ನುನೋವಿಗೆ ರಾಮಬಾಣ' ಅಂತ ಬರುತ್ತದೆ. ತಲೆ ಕೆಳಗಾದಾಗ ಕಣ್ಣಿನ ಒತ್ತಡ ಏರುತ್ತದೆ; ಗ್ಲಾಕೋಮಾ ಅಥವಾ ಬಿಪಿ ಇರುವವರಿಗೆ ಅದು ಬೇಡವೇ ಬೇಡ.

ಮಕ್ಕಳು ಎತ್ತರ ಆಗುತ್ತಾರೆಯೇ?

ಬಾಗಿಲಿಗೆ ಹಾಕುವ ರಾಡಿಗೆ ನೇತಾಡಿದರೆ ಉದ್ದ ಆಗುತ್ತಾರೆ ಎಂದು ಮಗನಿಗೆ ಅದನ್ನು ತಂದುಕೊಡುವವರಿದ್ದಾರೆ. ನೇತಾಡಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆ ಸ್ವಲ್ಪ ಹಿಗ್ಗುತ್ತದೆ, ಇಳಿದು ಓಡಾಡಿದ ಮೇಲೆ ಮೊದಲಿನಂತಾಗುತ್ತದೆ. ಬಾಹ್ಯಾಕಾಶಕ್ಕೆ ಹೋದವರು ಅಲ್ಲಿ ಐದು ಸೆಂಟಿಮೀಟರ್ ವರೆಗೂ ಉದ್ದವಾಗುತ್ತಾರೆ, ಭೂಮಿಗೆ ಬಂದ ಮೇಲೆ ಅವರದ್ದೂ ಅದೇ ಕಥೆ. ಇದರ ಎದುರು ಸುಳ್ಳೂ ಇದೆ: ಹದಿಹರೆಯದಲ್ಲಿ ಭಾರ ಎತ್ತಿದರೆ ಕುಳ್ಳಗಾಗುತ್ತಾರೆ ಎಂಬುದು. ಬಲ್ಲವರ ಉಸ್ತುವಾರಿಯಲ್ಲಿ, ಹಗುರ ತೂಕದಿಂದ, ಸರಿಯಾದ ಕ್ರಮದಲ್ಲಿ ಮಾಡಿದರೆ ಬೆಳವಣಿಗೆಗೆ ತೊಂದರೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ರಾಡು ತನ್ನಿ, ತೋಳಿಗೆ ಬಲ ಬರುತ್ತದೆ. ಬಾಗಿಲ ಚೌಕಟ್ಟು ಗಟ್ಟಿ ಇದೆಯಾ ಅಂತ ಮೊದಲು ನೀವೇ ಜಗ್ಗಿ ನೋಡಿ.

ಕೊಡುವಾಗ

ಹೆಂಡತಿಗೆ, ತಂಗಿಗೆ ಕೇಳದೆ ತೂಕ ಇಳಿಸುವ ಸಾಮಾನು ಕೊಡಬೇಡಿ. ಡಬ್ಬ ತೆಗೆದ ಕೂಡಲೇ ಅವರಿಗೆ ಕೇಳಿಸುವುದು 'ನೀನು ದಪ್ಪಗಾಗಿದ್ದೀಯ' ಎಂಬ ಮಾತು. ಅಪ್ಪ ಅಮ್ಮನಿಗಾದರೆ ಡಬ್ಬ ಕೊಟ್ಟು ಬಸ್ಸು ಹತ್ತಬೇಡಿ. ಇಂಗ್ಲಿಷಿನಲ್ಲಿ ಅಚ್ಚಾದ ಕೈಪಿಡಿ ಯಾರೂ ಓದುವುದಿಲ್ಲ. ಒಂದು ದಿನ ಕೂತು ಮೂರೇ ಮೂರು ವ್ಯಾಯಾಮ ತೋರಿಸಿ, ಅವರು ಮಾಡುವುದನ್ನು ಅವರ ಫೋನಿನಲ್ಲೇ ವಿಡಿಯೋ ಮಾಡಿಡಿ. ಆಗಿದ್ದರೆ ಒಂದು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಆ ಫೀಸು ಕೂಡ ಉಡುಗೊರೆಯೇ.

ಈಗಾಗಲೇ ಬೆಲ್ಟು ಆರ್ಡರ್ ಮಾಡಿಬಿಟ್ಟಿದ್ದರೆ ಡಬ್ಬ ಎಸೆಯಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ಲು ಇಟ್ಟುಕೊಳ್ಳಿ, ವಾಪಸ್ ಮಾಡುವ ದಿನಾಂಕ ನೋಡಿ. ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶ ಇದೆ.

ನಾನು ಕಳೆದ ದೀಪಾವಳಿಗೆ ಅಪ್ಪನಿಗೆ ಶೂ, ಅಮ್ಮನಿಗೆ ಎರಡು ಬ್ಯಾಂಡು ಮತ್ತು ಒಂದು ಜೊತೆ ಭಾರದ ಪಟ್ಟಿ ಕೊಟ್ಟೆ. ಭಾನುವಾರ ಬೆಳಗ್ಗೆ ವಿಡಿಯೋ ಕಾಲ್ ಮಾಡಿ ಹದಿನೈದು ನಿಮಿಷ ನಾನೂ ಅವರ ಜೊತೆ ಮಾಡುತ್ತೇನೆ. ಅಮ್ಮನ ಕುರ್ಚಿ ಪರೀಕ್ಷೆ ಈಗ ಹನ್ನೆರಡಕ್ಕೆ ಬಂದಿದೆ. ಅಪ್ಪನ ಮಸಾಜ್ ಯಂತ್ರ ಅಟ್ಟದ ಮೇಲಿದೆ. ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ಹಾಕು ಅಂತ ತಮ್ಮ ಹೇಳುತ್ತಾನೆ, ನಾನು ಹಾಕಿಲ್ಲ.